ಸ್ವೀಡನ್ ಮೇಡಂ ಮಾಡಿದ ಮುದ್ದೆಕೋಲು

ಅವರ ಹೆಬ್ಬೆರಳು ಬಡಗಿಯ ಹೆಬ್ಬೆರಳಿನ ಹಾಗೆ ಅಗಲವಾಗಿ, ಒರಟಾಗಿತ್ತು. ಉಗುರಿನ ಸಂದಿಯಲ್ಲಿ ಸದಾ ಮರದ ಪುಡಿ. ಸ್ವೀಡನ್ನಿನಲ್ಲಿ ಮನೆಬಳಕೆಯ ಸಾಮಾನುಗಳನ್ನು ವಿನ್ಯಾಸ ಮಾಡುತ್ತಿದ್ದವರು. ರೇಷ್ಮೆ ನೂಲು ತೆಗೆಯುವ ಹೆಂಗಸರಿಗೆ ಬೆನ್ನು ನೋಯದಂಥ ಪೀಠ ಮಾಡಬೇಕೆಂದು ಶಿಡ್ಲಘಟ್ಟಕ್ಕೆ ಬಂದು, ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದರು. ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ನಾನೇ ಅವರಿಗೆ ದುಭಾಷಿ. ಬೀದಿಯವರಿಗೆಲ್ಲ ಅವರು ಸ್ವೀಡನ್ ಮೇಡಂ.

ಯಾವ ವಸ್ತು ಕೈಗೆ ಬಂದರೂ ಕಣ್ಣು ಮುಚ್ಚಿ ಸವರುವುದು ಅವರ ಅಭ್ಯಾಸ. ಸಂತೆಯಲ್ಲಿ ಮೊರ, ಚೊಂಬು, ಕುಡುಗೋಲಿನ ಹಿಡಿ ಮುಟ್ಟುತ್ತ ಹಾಗೇ ನಿಂತುಬಿಟ್ಟರೆ ಅಂಗಡಿಯವರು ನಗುತ್ತಿದ್ದರು. ಮೇಡಮ್ಮೂ ನಗುತ್ತಿದ್ದರು.

ಆ ವರ್ಷವೇ ಅಮ್ಮನಿಗೆ ಲಕ್ವ ಹೊಡೆದು ಎಡಗೈ ಸ್ವಾಧೀನ ತಪ್ಪಿತ್ತು. ಒಂದೇ ಕೈಯಲ್ಲಿ ಮುದ್ದೆ ತಿರುವಲಾಗದೆ ಅಡುಗೆಮನೆಯನ್ನು ನನಗೆ ಬಿಟ್ಟು, ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದಳು. ಊಟವೂ ಇಳಿಯಿತು. ಇದನ್ನು ಗಮನಿಸಿದ ಮೇಡಂ, ಮುಂಗೈಗೆ ಪಟ್ಟಿ ಬಿಗಿದುಕೊಳ್ಳುವಂಥ ಮುದ್ದೆಕೋಲೊಂದನ್ನು ಮಾಡಿ ತಂದರು. ಅಮ್ಮ ಮುಟ್ಟಲಿಲ್ಲ.

“ಆಸ್ಪತ್ರೆ ಸಾಮಾನು ಇದ್ದಂಗೈತೆ. ನಾನು ರೋಗಿ ಅಂತ ಒಲೆ ಮುಂದೂ ತೋರಿಸ್ಕಬೇಕಾ?”

ಇದನ್ನು ಹೇಗೆ ಹೇಳಲಿ ಎಂದು ನಾನು ತಡವರಿಸಿದೆ. ಮೇಡಮ್ಮಿಗೆ ಅಮ್ಮನ ಮುಖವೇ ಸಾಕಾಗಿತ್ತು. “ನಾನು ಕಾಯಿಲೆಯನ್ನು ನೋಡಿದೆ, ಅವರನ್ನು ನೋಡಲಿಲ್ಲ” ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿ ಕೋಲನ್ನು ಎತ್ತಿಕೊಂಡು ಹೋದರು.

ಮರುದಿನದಿಂದ ನಮ್ಮ ಹಿಪ್ಪುನೇರಳೆ ತೋಟದಲ್ಲಿ ಅವರ ಸುತ್ತಾಟ. ಬದುವಿನ ಹಳೆಯ ಮರದಲ್ಲಿ ತಾನಾಗಿ ಬಾಗಿದ ಕೊಂಬೆಯೊಂದು ಸಿಕ್ಕಿತು. ಅದನ್ನೇ ಕೆತ್ತಿ, ಉಜ್ಜಿ, ಕೊಬ್ಬರಿ ಎಣ್ಣೆ ಹಚ್ಚಿ ನುಣುಪು ಮಾಡಿದರು. ಬಾಗು ಕಂಕುಳಿಗೆ ಸರಿಯಾಗಿ ಕೂರುತ್ತಿತ್ತು. ಎರಡನೆಯ ಕೈಯ ಕೆಲಸವನ್ನು ಮೈಭಾರವೇ ಮಾಡುತ್ತಿತ್ತು. ನೋಡಲು ಮಾತ್ರ ಅದು ಚೆಂದದ ಮುದ್ದೆಕೋಲು, ಅಷ್ಟೇ.

ಅಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಪಾತ್ರೆ ಅಲುಗದಂತೆ ಕವೆಗೋಲು ಕೊಟ್ಟು, ಅದನ್ನು ಕಾಲಲ್ಲಿ ಅದುಮಿ, ಒಂದು ಗಂಟೂ ಇಲ್ಲದ ಹಾಗೆ ತಿರುವಿದಳು. ಉಂಡೆ ಕಟ್ಟಲಷ್ಟೇ ನನ್ನನ್ನು ಕರೆದಳು. ಮೊದಲ ಮುದ್ದೆ ಮೇಡಮ್ಮಿನ ತಟ್ಟೆಗೆ. “ಕೂತ್ಕಳಮ್ಮ, ಬಿಸೀಲೇ ಉಣ್ಣು” ಅಂದಳು.

ಎರಡೂ ಕೈ ನೆಟ್ಟಗಿದ್ದ ಪಕ್ಕದ ಮನೆಯಾಕೆ ತನಗೂ ಅಂಥದ್ದೇ ಬೇಕೆಂದಾಗ ಮೇಡಮ್ಮಿನ ಮುಖ ಅರಳಿತು. ಪೀಠದ ಕೆಲಸ ಮುಗಿದ ಮೇಲೂ ಉಳಿದು, ನಮ್ಮೂರಿನ ಬಡಗಿಗೆ ಕೋಲಿನ ಅಳತೆ ಒಪ್ಪಿಸಿಯೇ ಊರಿಗೆ ಹೊರಟರು. ಅದರ ಮೇಲೆ ತಮ್ಮ ಹೆಸರು ಕೆತ್ತಲು ಮಾತ್ರ ಒಪ್ಪಲಿಲ್ಲ.

ಹೋದ ವರ್ಷ ಅವರ ತಂಗಿ ಫೋನ್ ಮಾಡಿದರು. ಮೇಡಂ ತೀರಿಕೊಂಡಿದ್ದರು, ಕೆಲವು ತಿಂಗಳು ಹಾಸಿಗೆ ಹಿಡಿದಿದ್ದರಂತೆ. ವಿಷಯ ತಿಳಿಸಿದಾಗ ಅಮ್ಮ, ಕೊನೆಗಾಲದಲ್ಲಿ ಅವರಿಗೆ ತುತ್ತು ಯಾರು ಇಕ್ಕುತ್ತಿದ್ದರು ಕೇಳು ಎಂದಳು. ಕೇಳಿದೆ. ತಾವೇ ಉಣ್ಣಿಸುತ್ತಿದ್ದುದಾಗಿ ತಂಗಿ ಹೇಳಿದರು. ಅಮ್ಮ ನನ್ನ ಕೈಯಿಂದ ಫೋನ್ ಈಸಿಕೊಂಡಳು. ಆ ಕಡೆಯವರಿಗೆ ಕನ್ನಡ ಬಾರದೆಂಬುದು ಅವಳಿಗೆ ಗೊತ್ತಿತ್ತು.

“ನಿನ್ನ ಹೊಟ್ಟೆ ತಣ್ಣಗಿರ್ಲಿ ತಾಯಿ” ಅಂದಳು.