ಕಲೆ ಬೀಳದ ಬಟ್ಟೆ

ನನ್ನ ಹೆಂಡತಿ ವಿದ್ಯಾವತಿ ಹಿರೋಳ್ಳಿಯ ನಮ್ಮ ಓಣಿಗೆಲ್ಲ ಬೀಜ ನೋಡುವಾಕೆ. ಬಿತ್ತನೆಗೆ ಮುಂಚೆ ತೊಗರಿಯ ಪುಡಿಕೆ ತಂದವರಿಗೆ ನೂರು ಕಾಳು ಎಣಿಸಿ, ಹಳೆಯ ಧೋತರದ ಒದ್ದೆ ತುಂಡಿನಲ್ಲಿ ಕಟ್ಟಿಡುತ್ತಾಳೆ. ಮೂರನೆಯ ದಿನ ಬಿಚ್ಚಿ ‘ಬಿತ್ರಿ’ ಅಥವಾ ‘ಬ್ಯಾಡ್ರಿ’ ಅನ್ನುತ್ತಾಳೆ. ನನ್ನ ಮಾತನ್ನು ಮನೆಯ ಬೆಕ್ಕೂ ಕೇಳುವುದಿಲ್ಲ. ಅವಳ ಮಾತನ್ನು ಊರೇ ಕೇಳುತ್ತದೆ.

ಈ ವರ್ಷ ಮುದುಕ ಚಂದ್ರಾಮಪ್ಪ ತನ್ನ ಅಪ್ಪನ ಕಾಲದ ತೊಗರಿ ತಂದ. ಆ ತಳಿ ಬೇರೆ ಯಾರ ಬಳಿಯೂ ಇಲ್ಲ. ಮೂರನೆಯ ದಿನ ಗಂಟು ಬಿಚ್ಚಿದರೆ ಎಲ್ಲ ಕಾಳೂ ಮೊಳೆತಿತ್ತು, ಬೇರು ಬೆಳ್ಳಗಿತ್ತು. ನಾನು ‘ಭೇಷ್’ ಅಂದೆ. ಅವಳು ಬೇರು ಬಿಟ್ಟು ಬಟ್ಟೆಯನ್ನೇ ತಿರುವಿ ತಿರುವಿ ನೋಡಿದಳು.

“ಕಲಿ ಎಲ್ಲಿ ಹೋತ್ರಿ? ಪ್ರತಿ ಸಲ ಬೇರು ಬಟ್ಟಿಗಿ ಚಹಾದ ಬಣ್ಣ ಬಿಡ್ತದ.”

“ಬಿಳಿ ಇದ್ರ ಛಲೋನೇ ಅಲ್ಲೇನ ಬೇ?”

“ಬೆಳ್ಳಗಿದ್ದದ್ದೆಲ್ಲಾ ಹಾಲಲ್ರಿ.”

ಎರಡು ದಿನ ಅವಳಿಗೆ ಊಟ ಸೇರಲಿಲ್ಲ. ಮೊಳಕೆ ಹೌದೆನ್ನುತ್ತದೆ, ಬಟ್ಟೆ ಅಲ್ಲವೆನ್ನುತ್ತದೆ, ಯಾವುದನ್ನು ನಂಬುವುದು? ನಾನಂತೂ ತಲೆಬುಡ ತಿಳಿಯದೆ ಅವಳ ಮೇಲೇ ರೇಗಿದೆ. ಅಷ್ಟರಲ್ಲಿ ಚಂದ್ರಾಮಪ್ಪ ಬಾಗಿಲಿಗೆ ಬಂದ. “ಬಿತ್ಲೋ ಬ್ಯಾಡೋ, ಒಂದು ಹೇಳವ್ವ.”

“ಬ್ಯಾಡ್ರಿ ಮಾಮಾ,” ಅಂದಳು. ಆತ ಅಂದೇ ಬೀಜದ ಚೀಲವನ್ನೆಲ್ಲ ಬೇಳೆ ಗಿರಣಿಗೆ ಹಾಕಿಸಿದ.

ವಾರದ ಮೇಲೆ ಕೃಷಿ ಓದುತ್ತಿರುವ ನನ್ನ ಅಣ್ಣನ ಮಗಳು ಸೃಷ್ಟಿ ಬಂದಳು. ಎಲ್ಲ ಕೇಳಿ, “ಕಾಕು, ನೀರು ಯಾವುದರಾಗ ತಗೊಂಡಿದ್ರಿ?” ಅಂದಳು. ಅಂದು ತಂಬಿಗೆ ಸಿಗದೆ ವಿದ್ಯಾವತಿ ತೊಟ್ಟಿಯ ಬಳಿಯ ಹಸಿರು ಮಗ್ಗು ತೆಗೆದುಕೊಂಡಿದ್ದಳಂತೆ.

ಆ ಮಗ್ಗಿನಲ್ಲಿ ಕಳೆನಾಶಕ ಅಳೆದವನು ನಾನು! ಸರಿಯಾಗಿ ತೊಳೆಯದೆ ಅಲ್ಲಿಟ್ಟವನೂ ನಾನೇ. ಸೃಷ್ಟಿಗೆ ಅದನ್ನು ಹೇಳಿದೆ.

“ಬೇರು ತನ್ನ ಕಾವಲಿಗೆ ಒಂದು ರಸ ಮಾಡ್ಕೋತದ ಕಾಕಾ. ಕಲಿ ಬೀಳೋದು ಅದರಿಂದಾನೇ. ಈ ಔಷಧ ಆ ರಸ ಮಾಡೋದನ್ನೇ ನಿಲ್ಲಸ್ತದ. ಬೀಜ ಛಲೋನೇ ಇತ್ತು.”

ವಿದ್ಯಾವತಿ ಗೋಡೆಗೆ ಒರಗಿ ಅತ್ತಳು. ನನಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಆಮೇಲೆ ಅವಳು ದಡಕ್ಕನೆ ಎದ್ದು ಡಬ್ಬಿ ತಡಕಾಡಿದಳು. ಚಂದ್ರಾಮಪ್ಪನ ಪುಡಿಕೆಯಲ್ಲಿ ನೂರು ಎಣಿಸಿ ಉಳಿದ ಅರವತ್ತೊಂದು ಕಾಳು ಇನ್ನೂ ಇದ್ದವು. ಹತ್ತನ್ನು ಹೊಸ ಬಟ್ಟೆಯಲ್ಲಿ, ತಂಬಿಗೆಯ ನೀರಿನಲ್ಲಿ ಕಟ್ಟಿದಳು.

ಮೂರನೆಯ ದಿನ ಬಟ್ಟೆಯ ಮೇಲೆ ಚಹಾದ ಕಲೆ ಬಿದ್ದಿತ್ತು. ಚಪ್ಪಲಿ ಮೆಟ್ಟದೆ ಚಂದ್ರಾಮಪ್ಪನ ಮನೆಗೆ ಓಡಿದಳು, ಹಿಂದೆ ನಾನು. ತಪ್ಪನ್ನೆಲ್ಲ ನಾನೇ ಒಪ್ಪಿಕೊಂಡೆ. ಮುದುಕ ನನ್ನತ್ತ ತಿರುಗಿಯೂ ನೋಡಲಿಲ್ಲ, ಬಟ್ಟೆಯ ಮೇಲೆ ಬೆರಳಾಡಿಸಿದ.

“ಎಷ್ಟು ಉಳಿದಾವವ್ವ?”

“ಐವತ್ತೊಂದ್ರಿ ಮಾಮಾ.”

“ಅರವತ್ತೊಂದು ಅನ್ನು,” ಎಂದು ಆತ ಟವೆಲ್ ಒಡ್ಡಿದ. “ಮೊಳಕಿನೂ ನೆಡೋಣು.”