ಮೂವತ್ನಾಲ್ಕು ಇಂಚಿನ ಆಯ

ಈಚೆಗೊಂದು ಭಾನುವಾರ ಬೆಳಿಗ್ಗೆ ನನ್ನ ಹೆಂಡತಿ ವಾಷಿಂಗ್ ಮೆಷಿನ್ನಿನ ಜಾಲರಿ ಬಿಚ್ಚಿಕೊಂಡು ಬಂದು, ಪೇಪರು ಓದುತ್ತಿದ್ದ ನನ್ನ ಮೂಗಿನ ಕೆಳಗೇ ಹಿಡಿದಳು. ಅದರೊಳಗೊಂದು ಕಂದು ಮುದ್ದೆ, ತೇಗದ ಹೊಟ್ಟು. ನೀರಲ್ಲಿ ನೆಂದ ತೇಗಕ್ಕೆ ಒಂದು ವಾಸನೆ ಇದೆ ನೋಡಿ, ಎಣ್ಣೆ ಸವರಿದ ಹಳೇ ತೊಗಲಿನ ಚೀಲದ ಹಾಗೆ. ಒಮ್ಮೆ ಅಭ್ಯಾಸವಾದರೆ ಬಿಡುವುದಿಲ್ಲ. ಬಿಟ್ಟಿದ್ದೇನೆ ಎಂದು ನಾನು ಎರಡು ವರ್ಷದಿಂದ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ.

"ಆಫೀಸಿಗೆ ಹಾಕ್ಕೊಂಡು ಹೋಗೋ ಅಂಗಿ ಜೇಬಿನಾಗೆ ಇದೆಲ್ಲಿಂದ ಬಂತು ರೀ? ಮತ್ತೆ ಶುರು ಆತಾ?"

"ಆತು. ಶುರು ಆಗಿ ಹಾಳೂ ಆತು."

"ನೀವೇ ಕೊಯ್ದ್ರಾ? ಹರಿಹರಕ್ಕೆ ಹೋಗಿ ಆಚಾರ್ರನ್ನ ಕೇಳಾಕೆ ಏನು ಧಾಡಿ ನಿಮಗೆ?"

ಏನು ಧಾಡಿ ಎಂಬುದನ್ನು ಅವಳಿಗೆ ಪೂರ್ತಿ ಹೇಳಿರಲಿಲ್ಲ. ನಿಮಗೆ ಹೇಳುತ್ತೇನೆ. ನೀವು ನನ್ನ ಜೊತೆ ಒಂದೇ ಮನೆಯಲ್ಲಿ ಇರಬೇಕಾದವರಲ್ಲ.

ನಾನು ಗಿಟಾರು ಮಾಡುತ್ತೇನೆ. ನುಡಿಸುವುದಿಲ್ಲ, ಮಾಡುತ್ತೇನೆ. ಈ ಒಂದು ಮಾತನ್ನು ದಾವಣಗೆರೆಯಲ್ಲಿ ಅರ್ಥ ಮಾಡಿಸುವಷ್ಟರಲ್ಲಿ ನನ್ನ ಅರ್ಧ ಆಯುಷ್ಯ ಕಳೆದಿದೆ. "ಓ, ಗಿಟಾರ್ ಬಾರಿಸ್ತೀರಾ?" "ಇಲ್ಲ ಸರ್, ಮಾಡ್ತೀನಿ." "ಮಾರಾಕಾ?" "ಅಲ್ಲ." "ಮತ್ತ್ಯಾಕೆ?" ರಕ್ತದೊತ್ತಡ ನೋಡಿದ ಡಾಕ್ಟರು ಏನಾದರೂ ಹವ್ಯಾಸ ಇಟ್ಟುಕೊಳ್ಳಿ, ಚಿಂತೆ ಕಡಿಮೆಯಾಗುತ್ತೆ ಅಂದಿದ್ದರು. ವಿಮಾ ಕಚೇರಿಯ ಗುಮಾಸ್ತ ನಾನು. ಊರವರ ಸಾವು, ಅಪಘಾತ, ಬೆಂಕಿ ಎಲ್ಲವೂ ನನ್ನ ಟೇಬಲ್ಲಿನ ಮೇಲೆ ಹಾದು ಹೋಗುವಾಗ, ಇವೆಲ್ಲ ನಮ್ಮ ಮನೆಗೂ ಯಾವತ್ತು ಬರುತ್ತವೋ ಎಂದು ಕಾಯುವುದೇ ನನ್ನ ಹವ್ಯಾಸವಾಗಿತ್ತು. ಗಿಟಾರು ಹಿಡಿದ ಮೇಲೆ ಚಿಂತೆ ಕಡಿಮೆಯಾಗಲಿಲ್ಲ. ಅಂಟು ಹಿಡಿಯಿತೋ ಇಲ್ಲವೋ, ಬೇಸಿಗೆಗೆ ಮರ ಬಿರಿಯುತ್ತದೋ ಏನೋ ಎಂದು ಹೊಸ ಹೊಸ ವಿಷಯಗಳು ಸಿಕ್ಕವು, ಅಷ್ಟೆ.

ಸರಸ್ವತಿ ನಗರದ ನಮ್ಮ ಮನೆಯ ಹಿಂದೆ ಶೀಟು ಹೊದಿಸಿದ ಒಂದು ಕೊಠಡಿ. ಮೊದಲು ಅಲ್ಲಿ ನೀರಿನ ಡ್ರಮ್ಮು, ಒಡೆದ ಸೈಕಲ್ಲು ಇದ್ದವು. ಪಕ್ಕದ ಮನೆಯ ಅಜ್ಜಿ ಎಲೆಕ್ಟ್ರಿಕ್ ಗಿಟಾರು ಅಂದ ಕೂಡಲೇ ಮೊಮ್ಮಕ್ಕಳನ್ನು ಕಾಂಪೌಂಡಿನ ಹತ್ತಿರ ಬಿಡುವುದನ್ನೇ ನಿಲ್ಲಿಸಿದರು. "ಕರೆಂಟ್ ಹೊಡಿಯಂಗಿಲ್ಲ ಅಜ್ಜಿ" ಎಂದು ಎಷ್ಟು ಹೇಳಿದರೂ, "ನೀ ಹುಷಾರಪ್ಪ, ಸಣ್ಣ ಮಕ್ಕಳಿಗೇನು ಗೊತ್ತಾಗತೈತೆ" ಅನ್ನುತ್ತಿದ್ದರು. ಅವರು ಹೇಳಿದ ಮೇಲೆ ನನಗೂ ಅನುಮಾನ ಬಂದು, ತಿಂಗಳೊಂದು ಕಾಲ ರಬ್ಬರ್ ಚಪ್ಪಲಿ ಹಾಕಿಕೊಂಡೇ ವೈರು ಬೆಸೆದೆ.

ಮೊದಲ ಎರಡು ಗಿಟಾರು ಯಾರಿಗೂ ತೋರಿಸುವಂತಿರಲಿಲ್ಲ. ಮೈ ಹೇಗೋ ಆಗುತ್ತಿತ್ತು. ಕುತ್ತಿಗೆ, ಅಂದರೆ ಎಡಗೈಯಲ್ಲಿ ಹಿಡಿಯುವ ಉದ್ದನೆಯ ಭಾಗ, ನೆಟ್ಟಗೆ ಬರುತ್ತಿರಲಿಲ್ಲ. ಹಳೇ ಮನೆ ಕೆಡವಿದ ತೇಗದ ತೊಲೆ ಸಿಗುತ್ತವೆಂದು ಯಾರೋ ಹೇಳಿದ್ದಕ್ಕೆ ಹರಿಹರಕ್ಕೆ ಹೋದಾಗ ಸಿಕ್ಕವರು ವೀರಾಚಾರ್ರು. ಹೊಳೆಯ ಕಡೆ ಹೋಗುವ ಒಂದು ಓಣಿಯಲ್ಲಿ ಅವರ ಕಾರ್ಖಾನೆ. ಕಾರ್ಖಾನೆ ಅಂದರೆ ಒಂದು ಛಾವಣಿ, ಒಂದು ಬೆಂಚು, ಗೋಡೆಯ ತುಂಬ ಉಳಿ. ಎಪ್ಪತ್ತರ ಹತ್ತಿರದ ವಯಸ್ಸು. ನಾಲ್ಕು ಹೋಬಳಿಗೆ ತಲೆಬಾಗಿಲು ಮಾಡಿಕೊಟ್ಟ ಕೈ. ನಾನು ಗಿಟಾರಿನ ಚಿತ್ರ ತೋರಿಸಿದೆ. ಅವರು ಕನ್ನಡಕ ಏರಿಸಿ, "ಇದು ಗುದ್ದಲಿ ಕಾವು ಇದ್ದಂಗೈತಲ್ರಿ ಸರ" ಅಂದರು. ಆವತ್ತಿನಿಂದ ನಮ್ಮಿಬ್ಬರ ನಡುವೆ ಗಿಟಾರಿನ ಕುತ್ತಿಗೆಗೆ ಕಾವು ಅಂತಲೇ ಹೆಸರು. ತಂತಿ ಕೂರುವ ಲೋಹದ ಬ್ರಿಜ್ಜಿಗೆ, ತಂಬೂರಿಯಲ್ಲಿ ಕರೆಯುವ ಹಾಗೆ, ಕುದುರೆ.

ಅಲ್ಲಿಂದ ಮೂರ್ನಾಲ್ಕು ವರ್ಷ ನನ್ನ ರಜೆಯ ದಿನಗಳೆಲ್ಲ ಹರಿಹರದಲ್ಲೇ ಕಳೆದವು. ಅವರು ಹತ್ರಿ ಹೊಡೆದು ಮರ ನುಣುಪು ಮಾಡುತ್ತಿದ್ದರು, ನಾನು ಎದುರಿಗೆ ಕೂತು ಚಿಂತೆ ಮಾಡುತ್ತಿದ್ದೆ. "ಆಚಾರ್ರೇ, ಇದು ಡೊಂಕಾದ್ರೆ?" "ಆಗಂಗಿಲ್ಲ." "ಆದ್ರೆ?" "ಆದ್ರೆ ನಿಮ್ಮನ್ನ ಅದರ ಮ್ಯಾಲೆ ಕೂಡಸ್ತೀನಿ, ನೆಟ್ಟಗಾಗತೈತೆ. ಚಾ ಕುಡೀರಿ." ಅಷ್ಟು ದಿನದಲ್ಲಿ ಬೇರೆ ಗಿರಾಕಿ ಬಂದದ್ದನ್ನು ನಾನು ಕಂಡದ್ದು ಕಡಿಮೆ. ಜನ ಈಗ ಸಿಮೆಂಟಿನ ಚೌಕಟ್ಟು ತರುತ್ತಾರೆ, ಸಿದ್ಧ ಬಾಗಿಲು ತಂದು ಅದಕ್ಕೆ ಸಿಕ್ಕಿಸುತ್ತಾರೆ. ನನಗೆ ಆಗ ಅದೊಂದು ಅನುಕೂಲವಾಗಿಯೇ ಕಂಡಿತ್ತು. ಆಚಾರ್ರು ಪೂರ್ತಿ ನನಗೇ ಸಿಗುತ್ತಾರಲ್ಲ ಎಂದು.

ಇಷ್ಟರಲ್ಲಿ ಗುರುಮೂರ್ತಿಯ ಭುಜ ಕೈಕೊಟ್ಟಿತು. ಗುರುಮೂರ್ತಿ ನನ್ನ ಕಾಲೇಜಿನ ಗೆಳೆಯ. ಹಗಲು ಜವಳಿ ಅಂಗಡಿಯಲ್ಲಿ ಬಟ್ಟೆಯ ಥಾನು ಇಳಿಸುತ್ತಾನೆ, ಮದುವೆ ಹಂಗಾಮಿನಲ್ಲಿ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರು ನುಡಿಸುತ್ತಾನೆ. ಬೇಸ್ ಎಂದರೆ ನಾಲ್ಕೇ ದಪ್ಪ ತಂತಿಯ, ಗುಂಯ್ ಎನ್ನುವ ಉದ್ದನೆಯ ಗಿಟಾರು. ಅವನದು ಎಳೇ ಕರುವಿನಷ್ಟು ಭಾರ. ಡಾಕ್ಟರು ಕತ್ತಿಗೆ ಪಟ್ಟಿ ಕಟ್ಟಿ, ಇನ್ನು ಇದನ್ನು ನೇತುಹಾಕಿಕೊಳ್ಳಬೇಡಿ ಅಂದರು. "ನುಡಿಸೋದು ಬಿಟ್ರೆ ನಾನು ಬರೀ ಥಾನು ಇಳಿಸೋನು ಕಣಲೇ" ಅಂದ. ನಗುತ್ತಲೇ ಅಂದ. ನಾನು ಯಾವ ಧೈರ್ಯದಲ್ಲೋ, ಹಗುರಾದ್ದೊಂದು ಮಾಡಿಕೊಡ್ತೀನಿ ಅಂದುಬಿಟ್ಟೆ.

ಕೊಂಡಜ್ಜಿ ಊರಿನ ಕಡೆಯ ಒಬ್ಬ ರೈತರ ಹೊಲದಲ್ಲಿ ಕಡಿದು ಒಣಗಿಸಿದ್ದ ಹೆಬ್ಬೇವು ಸಿಕ್ಕಿತು, ಹಗುರ ಮರ. ಅದರ ಮೈ ನಾನೇ ಕೊಯ್ದೆ. ಕಾವಿಗೆ ಆಚಾರ್ರ ತೇಗ. ಬೆರಳಿಡುವ ಪಟ್ಟಿಗಳನ್ನು, ಅದೇ ಫ್ರೆಟ್ಟುಗಳನ್ನು, ಅಳೆದು ಅಳೆದು ಕೂರಿಸಿದೆ. ತಂತಿಯ ಉದ್ದ ಮೂವತ್ನಾಲ್ಕು ಇಂಚು ಎಂದು ಹಿಡಿದೇ ಆ ಪಟ್ಟಿಗಳ ಜಾಗವೆಲ್ಲ ನಿಗದಿಯಾಗುವುದು. ಕುದುರೆ ಒಂದು ಕೂದಲು ಸರಿದರೂ ಶ್ರುತಿ ಕೆಡುತ್ತದೆ. ಆದರೆ ನಾನು ಆಚಾರ್ರಿಗೆ ಕೊಟ್ಟ ಹಾಳೆಯಲ್ಲಿ "ಇಲ್ಲಿಂದ ಕುದುರೆಗೆ 34" ಎಂದಷ್ಟೇ ಬರೆದಿದ್ದೆ. ಯಾಕೆಂದು ಬರೆಯಲಿಲ್ಲ. ಆಫೀಸಿನಲ್ಲಿ ಲೆಕ್ಕ ತಪಾಸಣೆ ನಡೆಯುತ್ತಿತ್ತು, ಒಂದು ವಾರ ನಾನು ಹೋಗಲಾಗಲಿಲ್ಲ. ಆಚಾರ್ರೇ ಕಾವು ಕೂರಿಸಿ, ಕುದುರೆಗೆ ತೂತು ಹೊಡೆದು ಇಟ್ಟಿದ್ದರು. ಜೋಡಣೆ ನೋಡಿದರೆ ಕಣ್ಣು ತುಂಬಬೇಕು, ಹಾಗಿತ್ತು.

ನಮ್ಮ ನಡುಮನೆಯಲ್ಲಿ ಕೂತು ಗುರುಮೂರ್ತಿ ಅದನ್ನು ಹೆಗಲಿಗೆ ಹಾಕಿಕೊಂಡ. "ಲೇ, ಇದು ಐತೋ ಇಲ್ಲೋ ಅನ್ನಂಗೈತಲ್ಲೋ!" ಅಂದ. ನುಡಿಸಿದ. ಕೆಳಗೆ ಸರಿ ಇತ್ತು. ಬೆರಳು ಮೇಲೆ ಹೋಗುತ್ತ ಹೋಗುತ್ತ ಅವನ ಮುಖ ಮಂಡಕ್ಕಿಯಲ್ಲಿ ಕಲ್ಲು ಕಡಿದವನ ಮುಖವಾಯಿತು.

"ಮೇಲೆ ಹೋದಂಗೆಲ್ಲ ಜಾರ್ತೈತಲೇ. ಹಿಂಗಾದ್ರೆ ಹಾಡೋರು ನನ್ನ ಹೊಡೀತಾರೆ."

ಅಳೆದು ನೋಡಿದೆ. ಮೂವತ್ನಾಲ್ಕೂ ಮುಕ್ಕಾಲು ಇಂಚು.

ಎಪ್ಪತ್ತು ವರ್ಷದ ಕೈ ಮುಕ್ಕಾಲು ಇಂಚು ತಪ್ಪುವುದಿಲ್ಲ. ಮರುದಿನವೇ ಹರಿಹರಕ್ಕೆ ಓಡಿದೆ. ಕೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಆಚಾರ್ರೇ ಸಂಭ್ರಮದಿಂದ ಹೇಳಿದರು:

"ನಿಮ್ಮ ಅಳತಿ ಇಟ್ಟು ನೋಡಿದ್ರೆ ಶ್ವಾನಾಯ ಬಂತ್ರಿ ಸರ. ನಾಯಿ ಆಯ! ಮನಿಯೊಳಗೆ ಹೋಗೋ ಮರ, ಹಂಗೆಂಗೆ ಕೊಡ್ಲಿ? ಮುಕ್ಕಾಲು ಇಂಚು ಸರಿಸಿ ವೃಷಭಾಯಕ್ಕೆ ತಂದೀನಿ. ಆ ಹುಡುಗನ ಭುಜಾನೂ ವಾಸಿ ಆಗಲಿ, ನಿಮ್ಮ ಚಿಂತೀನೂ ಸ್ವಲ್ಪ ಇಳೀಲಿ."

ಆಯ ನಿಮಗೆ ಗೊತ್ತಿರಬಹುದು. ಬಾಗಿಲಿನ ಉದ್ದವನ್ನು ಗೊತ್ತಾದ ಒಂದು ಸಂಖ್ಯೆಯಿಂದ ಗುಣಿಸಿ, ಎಂಟರಿಂದ ಭಾಗಿಸಿ, ಉಳಿದ ಶೇಷ ನೋಡಿ ಇದು ಸಿಂಹ, ಇದು ವೃಷಭ, ಶುಭ, ಇದು ನಾಯಿ, ಇದು ಕಾಗೆ, ಅಶುಭ ಎಂದು ಹೇಳುವ ಲೆಕ್ಕ. ಅವರಪ್ಪ ಅವರಿಗೆ ಕಲಿಸಿದ್ದು. ಸಿಮೆಂಟಿನ ಚೌಕಟ್ಟು ಬಂದ ಮೇಲೆ ಆ ಲೆಕ್ಕವನ್ನು ಅವರ ಹತ್ತಿರ ಯಾರೂ ಕೇಳಿರಲಿಲ್ಲ. ಎಷ್ಟೋ ವರ್ಷದ ಮೇಲೆ ಒಬ್ಬ ಬಂದು ಉದ್ದ ಬರೆದುಕೊಟ್ಟಿದ್ದ, ಅದೂ ಎಲ್ಲದಕ್ಕೂ ಭಯಪಡುವ ಗಿರಾಕಿ. ಅವರಿಗೆ ತೋಚಿದ ಔಷಧಿ ಅವರು ಹಾಕಿದ್ದರು.

ನಾನು ಏನು ಹೇಳಬೇಕಿತ್ತು, ಹೇಳಿ. ಹೇಳಿದರೆ ಆ ಮುಖ ಏನಾದೀತು? ಹೇಳದಿದ್ದರೆ ಗುರುಮೂರ್ತಿ ನುಡಿಸುವುದು ಹೇಗೆ? "ಭಾಳ ಚಲೋ ಆತು ಆಚಾರ್ರೇ" ಅಂದು, ಚಾ ಕುಡಿದು, ಬಸ್ಸು ಹತ್ತಿ ಬಂದೆ. ಬಂದವನೇ ಕಳ್ಳನ ಹಾಗೆ ಕೊಠಡಿಯ ಬಾಗಿಲು ಹಾಕಿಕೊಂಡು ಕುದುರೆ ಬಿಚ್ಚಿದೆ. ಅವರು ಹೊಡೆದ ತೂತುಗಳಿಗೆ ಮರದ ಬೆಣೆ ಬಡಿದು ಮುಚ್ಚಿದೆ, ಮುಕ್ಕಾಲು ಇಂಚು ಮುಂದೆ ಹೊಸ ತೂತು ಹೊಡೆದೆ, ಮೇಲೆ ಪಾಲಿಶ್ ಉಜ್ಜಿದೆ. ಶ್ರುತಿ ಸರಿಹೋಯಿತು. ಗುರುಮೂರ್ತಿ ನನ್ನನ್ನು ತಬ್ಬಿಕೊಂಡ. ಬೆಣೆ ಬಡಿದ ಜಾಗ ಒಂದು ಬಿಟ್ಟು ಉಳಿದದ್ದೇನೂ ಆವತ್ತು ನನ್ನ ಕಣ್ಣಿಗೆ ಕಾಣಲಿಲ್ಲ.

ಮುಂದಿನದನ್ನು ನೀವು ಊಹಿಸಿರುತ್ತೀರಿ. ಆರ್ಕೆಸ್ಟ್ರಾಕ್ಕೆ ಹರಿಹರದಲ್ಲೇ ಒಂದು ಮದುವೆ ಬಂತು. ಗುರುಮೂರ್ತಿ, ಈ ಮುಚ್ಚುಮರೆ ಏನೂ ತಿಳಿಯದವನು, ಮಾಡಿದವರು ಬರಬೇಕಲ್ಲ ಎಂದು ಆಚಾರ್ರಿಗೆ ಫೋನು ಮಾಡಿ ಕರೆದ. ಅವರು ಇಸ್ತ್ರಿ ಮಾಡಿದ ಬಿಳೀ ಅಂಗಿ ಹಾಕಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತರು. ನಾನು ಊಟದ ಮನೆಯ ಕಡೆ ಎರಡು ಸಲ ಹೋಗಿ ಬಂದೆ. ಹಸಿವಿರಲಿಲ್ಲ. ಗುರುಮೂರ್ತಿ ಎರಡು ತಾಸು ನಿಂತೇ ನುಡಿಸಿದ. ಒಮ್ಮೆಯೂ ಭುಜ ಒತ್ತಿಕೊಳ್ಳಲಿಲ್ಲ. ಆಚಾರ್ರು ತಲೆ ಆಡಿಸುತ್ತ ಕೂತಿದ್ದರು.

ಮುಗಿದ ಮೇಲೆ ಆ ಗಿಟಾರನ್ನು ಕೇಳಿ ಇಸಿದುಕೊಂಡು ತೊಡೆಯ ಮೇಲೆ ಮಲಗಿಸಿದರು. ಹೆಬ್ಬೆರಳು ನೇರ ಕುದುರೆಯ ಹಿಂದಕ್ಕೆ ಹೋಯಿತು. ಅಲ್ಲೇ ನಿಂತಿತು. ಪಾಲಿಶ್ ಕಣ್ಣಿಗೆ ಮೋಸ ಮಾಡಬಹುದು, ಅಂಥ ಬೆರಳಿಗೆ ಮಾಡಲಾಗುವುದಿಲ್ಲ.

"ಬೆಣಿ ಅಡ್ಡ ಬಡ್ದೀರಿ" ಅಂದರು, ಮೆಲ್ಲಗೆ. "ಮೈಮರದ ಎಳಿ ಉದ್ದಕ್ಕೈತೆ, ಬೆಣಿ ಎಳಿ ಅಡ್ಡಕ್ಕೈತೆ. ಮಳಿಗಾಲಕ್ಕೆ ಉಬ್ಬತೈತೆ."

"ಆಚಾರ್ರೇ, ಅದು ಶ್ರುತಿ..." ಎಂದೆ. ಆಗ, ಆ ಕುರ್ಚಿಗಳ ನಡುವೆ ನಿಂತು, ಮೂವತ್ನಾಲ್ಕು ಯಾಕೆ ಎಂಬುದನ್ನು ಮೊದಲ ಸಲ ಹೇಳಿದೆ.

ಅವರು ಪೂರ್ತಿ ಕೇಳಿದರು. "ಆಯ ಇಡೀ ಗಿಟಾರಿಗೆ, ತುದಿಯಿಂದ ತುದೀಗೆ ನೋಡಿದ್ರೂ ನಡೀತಿತ್ರಿ. ಬುಡದಾಗೆ ಒಂದು ಚೂರು ಹತ್ರಿ ಹೊಡೆದಿದ್ರೆ ನಿಮ್ಮ ಲೆಕ್ಕಾನೂ ಉಳೀತಿತ್ತು, ನನ್ನ ಲೆಕ್ಕಾನೂ ಉಳೀತಿತ್ತು. ತಂತಿ ಉದ್ದ ಮುಟ್ಟಬಾರದು ಅಂತ ನನಗ್ಯಾರು ಹೇಳಿದ್ರು? ಬಾಯಿಬಿಟ್ಟು ಅಂದಿದ್ರೆ ಆ ಬೆಣೀನೂ ನಾನೇ ಹೊಡ್ದು ಕೊಡ್ತಿದ್ನಲ್ಲ ಸಾಹೇಬ್ರ."

ಅಷ್ಟು ವರ್ಷ ನಾನು ಅವರಿಗೆ ಸರ ಆಗಿದ್ದೆ. ಅವತ್ತು ಸಾಹೇಬ ಆದೆ.

ಅವರು ಜಗಳವಾಡಲಿಲ್ಲ, ಅದೇ ತೊಂದರೆ. ಫೋನು ಮಾಡಿದರೆ ಎತ್ತುತ್ತಿದ್ದರು. "ಕೆಲ್ಸ ಇದ್ರೆ ಹೇಳಿ ಕಳಸ್ರಿ ಸಾಹೇಬ್ರ" ಅನ್ನುತ್ತಿದ್ದರು. ಬರ್ರಿ, ಚಾ ಕುಡಿಯೋಣ ಎಂಬ ಮಾತಿಲ್ಲ. ಅವರಿಗೆ ನೋವಾಗಬಾರದೆಂದು ಮುಚ್ಚಿಟ್ಟೆ ಎಂದು ನಾನು ನನಗೇ ಹೇಳಿಕೊಂಡು ನೋಡಿದೆ. ನಿಜ ಅದಲ್ಲ. ಕಾರಣ ಹೇಳಿದರೂ ಅವರಿಗೆ ತಿಳಿಯಲಾರದು ಎಂದು ಹಾಳೆ ಕೊಟ್ಟ ದಿನವೇ ತೀರ್ಮಾನಿಸಿದ್ದೆ. ಶೇಷ ಹಿಡಿದು ಬಾಗಿಲು ನಿಲ್ಲಿಸಿದ ಮನುಷ್ಯನಿಗೆ ಒಂದು ತಂತಿಯ ಲೆಕ್ಕ ತಿಳಿಯಲಾರದು ಎಂದು! ಎಲ್ಲದಕ್ಕೂ ಮೊದಲೇ ಹೆದರುವ ನಾನು ಈ ಒಂದು ತೀರ್ಮಾನಕ್ಕೆ ಮಾತ್ರ ಹೆದರಿರಲಿಲ್ಲ. ಉಪಕರಣಗಳಿಗೆ ಗೋಣಿಚೀಲ ಮುಚ್ಚಿ ಕೊಠಡಿಗೆ ಬೀಗ ಹಾಕಿದೆ. ಸುಸ್ತಾಗಿದೆ, ವಯಸ್ಸಾಯಿತು ಎಂದು ಎಲ್ಲರಿಗೂ ಹೇಳಿದೆ. ಸುಸ್ತಂತೂ ಸುಳ್ಳಲ್ಲ.

ಎರಡು ವರ್ಷದ ಮೇಲೆ ಹೋದ ತಿಂಗಳು ಬೀಗ ತೆಗೆದು, ಉಳಿದಿದ್ದ ತೇಗದಲ್ಲಿ ನಾನೇ ಒಂದು ಕಾವು ಕೊಯ್ದೆ. ಅದು ಹಾವಿನ ಹಾಗೆ ಬಂತು. ಅದರ ಹೊಟ್ಟೇ ಜಾಲರಿಯಲ್ಲಿ ಸಿಕ್ಕಿದ್ದು.

ಆ ಭಾನುವಾರ ಹೆಂಡತಿ ಜಾಲರಿ ತೊಳೆಯುವುದರೊಳಗೆ ನಾನು ಒಂದು ಹಾಳೆ ತೆಗೆದುಕೊಂಡು ಕೂತೆ. ಗಿಟಾರಿನ ಚಿತ್ರ ಬರೆದೆ. ಪ್ರತಿ ಅಳತೆಯ ಪಕ್ಕದಲ್ಲೂ ಇದು ಯಾಕೆ ಇಷ್ಟು, ಎಷ್ಟು ಸರಿದರೆ ಏನು ಕೆಡುತ್ತದೆ, ಯಾವುದು ಸರಿದರೆ ಚಿಂತೆಯಿಲ್ಲ ಎಂದು ಕನ್ನಡದಲ್ಲಿ ಬರೆಯುತ್ತಾ ಹೋದೆ. ಹಾಳೆ ಸಾಲದೆ ಹಿಂದೆಯೂ ಬರೆದೆ. ಒಂದು ಕಡೆ ಮಾತ್ರ ಖಾಲಿ ಬಿಟ್ಟು ಹರಿಹರದ ಬಸ್ಸು ಹತ್ತಿದೆ.

ಆಚಾರ್ರು ಯಾರದೋ ಮಣೆಗೆ ಮರದ ಕಾಲು ಕೂರಿಸಿ ಬಡಿಯುತ್ತಿದ್ದರು. "ಕೂಡ್ರಿ" ಅಂದರು, ಅಷ್ಟೆ. ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು, ತಿರುವಿ, ಮತ್ತೆ ಮೊದಲಿಂದ ಓದಿದರು.

"ಎಲ್ಲಾ ಬರ್ದೀರಿ. ತುದಿಯಿಂದ ತುದೀಗೆ ಎಷ್ಟು ಅಂತ ಬರ್ದೇ ಇಲ್ಲಲ್ಲ?"

"ಅದು ನೀವು ಹಾಕ್ಬೇಕು ಆಚಾರ್ರೇ. ತಂತಿ ಒಂದು ಬಿಟ್ಟು ಉಳಿದದ್ದು ನಿಮ್ಮ ಲೆಕ್ಕ."

ಅವರು ನಗಲಿಲ್ಲ. ಕಿವಿಯ ಮೇಲಿನ ಪೆನ್ಸಿಲ್ಲು ತೆಗೆದು ಏನೋ ಬರೆದು, ಹಾಳೆಯನ್ನು ಬೋರಲು ಹಾಕಿ ಅದರ ಮೇಲೆ ಹತ್ರಿ ಇಟ್ಟರು.

"ಹದಿನೈದು ದಿನ ಬಿಟ್ಟು ಬರ್ರಿ. ನಡುವೆ ಫೋನ್ ಮಾಡಿ ಡೊಂಕಾತಾ, ಬಿರೀತಾ ಅಂತ ಜೀವ ತಿನ್ನಬ್ಯಾಡ್ರಿ."

ಸಾಹೇಬ ಅನ್ನಲಿಲ್ಲ. ಸರ ಅಂತಲೂ ಅನ್ನಲಿಲ್ಲ.

ಇವತ್ತಿಗೆ ಒಂಬತ್ತು ದಿನ. ಫೋನು ಮಾಡಿಲ್ಲ.