ಲೆಕ್ಕಕ್ಕೆ ಬಂದ ಎರಡು ಕಾಲು

ಗಂಡ ಸತ್ತು ನಾಲ್ಕು ತಿಂಗಳಿಗೆ ಅವಳಿಗೆ ಅವನ ಕೆಲಸವೇ ಸಿಕ್ಕಿತು. ಸಂಸತ್ತಿನ ಎಡಬಾಗಿಲು ಕಾಯುವ ಕೆಲಸ. ಆರು ತಿಂಗಳು ನೋಡುತ್ತೇವೆ, ಸರಿಹೋದರೆ ಕಾಯಂ, ಇಲ್ಲದಿದ್ದರೆ ಇಲ್ಲ ಎಂದು ಕಾಗದದಲ್ಲಿ ಬರೆದಿತ್ತು. ಇಲ್ಲ ಎಂದಾದರೆ ನೌಕರರ ಸಾಲುಮನೆಯ ಎರಡು ಕೋಣೆಯನ್ನೂ ಬಿಡಬೇಕು. ಮಗಳು ಹತ್ತನೆಯ ತರಗತಿಯಲ್ಲಿದ್ದಳು. ಹೋಗಲು ಬೇರೆ ಜಾಗ ಇರಲಿಲ್ಲ.

ಗಂಡನ ಕರಿ ಕೋಟನ್ನೇ ತೋಳು ಮಡಚಿ ಹೊಲಿದು ಹಾಕಿಕೊಂಡಳು. ಹೊಸದು ಕೊಡುತ್ತೇವೆ ಎಂದರು. ಬೇಡ ಎಂದಳು. ಎಡ ಜೇಬಿನಲ್ಲಿ ಅವನ ಬೆಂಕಿಪೊಟ್ಟಣ ಹಾಗೇ ಇತ್ತು. ತೆಗೆಯಲಿಲ್ಲ.

ಇಪ್ಪತ್ತೆರಡು ವರ್ಷ ಅವನು ಆ ಬಾಗಿಲಲ್ಲಿ ನಿಂತಿದ್ದ. ದಿನಾ ಸಂಜೆ ಮನೆಗೆ ಬಂದಾಗ ಅವಳು ಕೇಳುತ್ತಿದ್ದಳು, "ಇವತ್ತೇನಾಯ್ತು?"

"ಏನೂ ಆಗ್ಲಿಲ್ಲ."

"ಅಷ್ಟು ಜನ ದಿನವಿಡೀ ಕಿರುಚಾಡ್ತಾರಂತೆ. ಏನೂ ಆಗಲ್ವಾ?"

"ಆಗ್ಲಿಲ್ಲ ಕಣೇ," ಎಂದು ಶೂ ಬಿಚ್ಚುತ್ತಿದ್ದ. ತನಗೆ ತಿಳಿಯುವುದಿಲ್ಲವೆಂದು ಹೀಗೆ ಹೇಳುತ್ತಾನೆ ಎಂದು ಅವಳಿಗೆ ಸಿಟ್ಟು ಬರುತ್ತಿತ್ತು. ಅವಳು ಓದಿದ್ದು ನಾಲ್ಕನೆಯ ತರಗತಿ. ಸಿಟ್ಟು ಹಾಗೇ ಉಳಿಯಿತು. ಅವನು ಉಳಿಯಲಿಲ್ಲ.

ಕೆಲಸ ಕಲಿಸಿದವನು ಬಾಗಿಲು ಕಾಯುವವರ ಮುಖ್ಯಸ್ಥ. ಸೊಂಟದಲ್ಲಿ ದೊಡ್ಡ ಬೀಗದಕೈ ಗೊಂಚಲು ತೂಗಾಡುತ್ತಿದ್ದುದರಿಂದ ಎಲ್ಲರಿಗೂ ಅವನು ಬೀಗದಣ್ಣ. ಗಂಡನ ಗೆಳೆಯ.

"ನೋಡಮ್ಮ, ಇದು ಸದನ. ಎಡಗಡೆ ಒಂದು ಉದ್ದ ಕೋಣೆ, ಬಲಗಡೆ ಒಂದು. ಮತಕ್ಕೆ ಹಾಕಿದಾಗ ಮೂರು ನಿಮಿಷ ಗಂಟೆ ಹೊಡಿಯುತ್ತೆ. ಹೌದು ಅನ್ನೋರು ಎಡಗಡೆ ಕೋಣೆಗೆ, ಅಲ್ಲ ಅನ್ನೋರು ಬಲಗಡೆ ಕೋಣೆಗೆ ನಡೀತಾರೆ. ಕೋಣೆಯ ಆ ತುದೀಲಿ ಒಬ್ಬೊಬ್ಬರನ್ನೇ ಎಣಿಸಿ ಆಚೆ ಬಿಡ್ತಾರೆ. ಎಡಗಡೆ ಕೋಣೆಯ ಓಣಿ ಕಡೆ ಬಾಗಿಲು ನಿಂದು. ಗಂಟೆ ನಿಂತ ಕೂಡ್ಲೇ ಎಳೆದು ಹಾಕು. ಅದು ತಾನಾಗೇ ಬೀಗ ಬೀಳುತ್ತೆ. ಆಮೇಲೆ ಯಾರು ಬಂದ್ರೂ ತೆಗೆಯೋ ಹಾಗಿಲ್ಲ."

"ಪ್ರಧಾನಿ ಬಂದ್ರೆ?"

"ಪ್ರಧಾನೀನೂ ಆಚೇನೇ."

"ಹಂಗಾದ್ರೆ ಪ್ರಧಾನಿಗಿಂತ ನಾನು ದೊಡ್ಡವಳಾ?"

"ನೀನಲ್ಲ, ಗಂಟೆ," ಎಂದು ಬೀಗದಣ್ಣ ನಕ್ಕ.

ಅವಳು ನಗಲಿಲ್ಲ. ಅವಳ ತಲೆಯಲ್ಲಿ ಹುಳ ಬಿಟ್ಟಂತಾಯಿತು. ಮಾವ ಬದುಕಿದ್ದಾಗ ಮನೆಯಲ್ಲಿ ಯಾರು ದೊಡ್ಡವರೆಂದು ಕೇಳಬೇಕಿರಲಿಲ್ಲ. ಮಾವ ಕೆಮ್ಮಿದರೆ ಸಾಕು, ಎಲ್ಲ ಗಪ್‌ಚಿಪ್. ಇಲ್ಲಿ ಯಾರು ಕೆಮ್ಮಿದರೆ ಗಪ್‌ಚಿಪ್ ಆಗುತ್ತಾರೆ ಎಂಬುದೇ ತಿಳಿಯಲಿಲ್ಲ. ಪ್ರಧಾನಿ ಬಂದರೆ ಎಲ್ಲರೂ ಎದ್ದು ದಾರಿ ಬಿಡುತ್ತಾರೆ. ಅದೇ ಪ್ರಧಾನಿ ಮಾತಾಡುವಾಗ ಸಭಾಧ್ಯಕ್ಷರು ಕೈ ಎತ್ತಿದರೆ ತುಟಿಪಿಟಕ್ ಎನ್ನದೆ ಕೂರುತ್ತಾರೆ.

ಮನೆಗೆ ಬಂದು ಮಗಳನ್ನು ಕೇಳಿದಳು. ಮಗಳು ಪುಸ್ತಕ ತೆಗೆದಳು.

"ಜನ ಸದಸ್ಯರನ್ನ ಆರಿಸ್ತಾರೆ. ಸದಸ್ಯರಲ್ಲಿ ಯಾರ ಕಡೆ ಹೆಚ್ಚು ಜನ ಇರ್ತಾರೋ ಅವರು ಸರ್ಕಾರ ಮಾಡ್ತಾರೆ. ಹೆಚ್ಚು ಜನ ಇಲ್ಲ ಅಂತಾದ್ರೆ ಸರ್ಕಾರ ಬೀಳುತ್ತೆ. ಸದನ ಮಾಡಿದ ಕಾನೂನು ತಪ್ಪಿದ್ರೆ ನ್ಯಾಯಾಲಯ ಹೊಡೆದುಹಾಕುತ್ತೆ. ಎಲ್ಲಾದಕ್ಕೂ ರಾಷ್ಟ್ರಪತಿ ಸಹಿ ಬೇಕು."

"ಹಂಗಾದ್ರೆ ರಾಷ್ಟ್ರಪತಿ ದೊಡ್ಡವರು."

"ಅವರು ಮಂತ್ರಿಗಳು ಹೇಳ್ದಂಗೆ ಸಹಿ ಹಾಕ್ಬೇಕು."

"ಅಯ್ಯೋ, ಯಾರೇ ದೊಡ್ಡವರು ಮತ್ತೆ?"

"ಯಾರೂ ಅಲ್ಲಮ್ಮ, ಸಂವಿಧಾನ. ಅದೊಂದು ಪುಸ್ತಕ."

"ಪುಸ್ತಕ ಕೆಮ್ಮುತ್ತಾ?" ಎಂದಳು. ಮಗಳು ಬಿದ್ದು ಬಿದ್ದು ನಕ್ಕಳು. ಅವಳು ನಿಜವಾಗಿ ಕೇಳಿದ್ದಳು.

ಒಂದು ಮಾತು ಮಾತ್ರ ಅವಳಿಗೆ ಅರ್ಥವಾಯಿತು, ಅದೂ ತಪ್ಪಾಗಿ. ಸರ್ಕಾರ ಬೀಳಬಹುದು. ತನ್ನದು ಸರ್ಕಾರಿ ಕೆಲಸ. ಸರ್ಕಾರ ಬಿದ್ದರೆ ತನ್ನ ಕಾಯಂ ಕಾಗದವೂ ಅದರ ಜೊತೆ ಬೀಳುತ್ತದೆ. ಯಾರನ್ನೂ ಕೇಳಲು ಹೋಗಲಿಲ್ಲ. ಇದರಲ್ಲಿ ಕೇಳುವುದೇನಿದೆ ಎಂದುಕೊಂಡಳು.

ಐದನೆಯ ತಿಂಗಳಲ್ಲಿ ಸರ್ಕಾರ ಅಲುಗಾಡತೊಡಗಿತು. ಸರ್ಕಾರದ ಕಡೆಯ ಕೆಲವರು ಎದುರು ಕಡೆಗೆ ಹೋದರು. ಸರ್ಕಾರದ ಮೇಲೆ ಸದನಕ್ಕೆ ವಿಶ್ವಾಸವಿದೆಯೋ ಇಲ್ಲವೋ, ಮತಕ್ಕೆ ಹಾಕಿ ನೋಡೋಣ ಎಂದಾಯಿತು. ಅವಳು ಬೆಳಿಗ್ಗೆ ಎದ್ದು ಗಂಡನ ಫೋಟೋಗೆ ಹೇಳಿದಳು, "ಬೀಳಬಾರದು, ಏನಾದ್ರೂ ಮಾಡಿ."

ಮಧ್ಯಾಹ್ನ ಗಂಟೆ ಹೊಡೆಯತೊಡಗಿತು. ಓಣಿಯ ತುಂಬ ಶೂಗಳ ಸದ್ದು. ಅವಳು ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ನಿಂತಳು. ಕೊನೆಗೆ ಒಬ್ಬ ದಪ್ಪ ಸದಸ್ಯ ಏದುಸಿರು ಬಿಡುತ್ತ ಓಡಿಬಂದ. ಹೊಸ್ತಿಲು ದಾಟುವಾಗ ಅವನ ಒಂದು ಶೂ ಕಳಚಿ ಬಾಗಿಲ ಸಂದಿಯಲ್ಲೇ ಉಳಿಯಿತು. ಶೂ ಅಡ್ಡ ಇದ್ದರೆ ಬೀಗ ಬೀಳುವುದಿಲ್ಲ. ಅವಳು ಒಳಗೆ ಹೆಜ್ಜೆಯಿಟ್ಟು ಬಗ್ಗಿ ಶೂ ಎತ್ತಿಕೊಂಡಳು. ಅಷ್ಟರಲ್ಲಿ ಗಂಟೆ ನಿಂತಿತು.

ಗಂಟೆ ನಿಂತರೆ ಬಾಗಿಲು ಎಳೆಯಬೇಕು. ಎಳೆದಳು. ಬೀಗ ಟಕ್ಕೆಂದಿತು.

ಎಳೆದದ್ದು ಒಳಗಿನಿಂದ.

ಬೀಗದಕೈ ಬೀಗದಣ್ಣನ ಸೊಂಟದಲ್ಲಿ, ಬೀಗದಣ್ಣ ಸದನದ ಆ ಬದಿಯಲ್ಲಿ. ಬಾಗಿಲು ಬಡಿಯಲೇ? ಯಾರು ಬಂದರೂ ತೆಗೆಯುವ ಹಾಗಿಲ್ಲ. ಒಳಗಿರುವವಳು ತಾನೇ ಆದರೆ? ಅದನ್ನು ಬೀಗದಣ್ಣ ಹೇಳಿರಲಿಲ್ಲ. ಕೋಣೆ ಜನರಿಂದ ಕಿಕ್ಕಿರಿದಿತ್ತು. ಹೊರಬೀಳಲು ಉಳಿದದ್ದು ಆ ತುದಿಯೊಂದೇ, ಸಾಲು ಅತ್ತ ಸರಿಯಿತು. ಕೈಯಲ್ಲಿ ಶೂ ಹಿಡಿದು ಅವಳೂ ಸರಿದಳು. "ಬೇಗ ನಡೀರಿ" ಎಂದು ಮುಂದಿನಿಂದ ಯಾರೋ ಕೂಗಿದರು.

ಆ ತುದಿಯಲ್ಲಿ ಎಣಿಸಲು ಕೂತಿದ್ದವರು ಸದನದ ಅತಿ ಹಿರಿಯ ಸದಸ್ಯರು. ಕತ್ತಿಗೆ ಪಟ್ಟಿ ಹಾಕಿದ್ದರು, ತಲೆ ಎತ್ತಲು ಆಗುತ್ತಿರಲಿಲ್ಲ. ಹಾಗಾಗಿ ಅವರು ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದರು. ನೆಲದ ಮೇಲೆ ಸೀಮೆಸುಣ್ಣದ ಗೆರೆ. ಎರಡು ಕಾಲು ಗೆರೆ ದಾಟಿದರೆ ಕೋಲಿನಿಂದ ಒಮ್ಮೆ ಕುಟ್ಟುವುದು, ಒಂದು ಎಂದು ಸೇರಿಸುವುದು.

ಅವಳ ಕಾಲು ಗೆರೆ ದಾಟಿತು. ಕೋಲು ಕುಟ್ಟಿತು. "ನೂರೊಂದು," ಎಂದರು ಹಿರಿಯರು. ಅವಳೇ ಕೊನೆಯವಳು.

ದಪ್ಪ ಸದಸ್ಯನಿಗೆ ಶೂ ಕೊಟ್ಟು ಅವಳು ಗೋಡೆಗೆ ಒರಗಿ ನಿಂತಳು. ಸದನದಲ್ಲಿ ಸಂಖ್ಯೆ ಓದಿದ್ದು ತೆರೆದ ಬಾಗಿಲಿನಿಂದ ಕೇಳಿತು. ಹೌದು, ನೂರೊಂದು. ಅಲ್ಲ, ನೂರೊಂದು. ಸದನ ಹುಯ್ಯೆಂದಿತು.

ಬೀಗದಣ್ಣ ಬೆವರು ಒರೆಸಿಕೊಳ್ಳುತ್ತ ಬಂದ. "ಸಮಸಮ ಆಗೋಯ್ತು! ಈಗ ಸಭಾಧ್ಯಕ್ಷರು ತಮ್ಮ ಒಂದು ಮತ ಹಾಕ್ಬೇಕು. ಅವರು ಹೌದು ಅಂದ್ರೆ ಸರ್ಕಾರ ಉಳೀತು."

ಅವಳು ಲೆಕ್ಕ ಹಾಕಿದಳು. ಸುಮ್ಮನಿದ್ದರೆ ಸರ್ಕಾರ ಉಳಿಯಬಹುದು, ಕಾಗದ ಉಳಿಯಬಹುದು, ಮನೆಯೂ. ಬಾಯಿಬಿಟ್ಟರೆ ಸರ್ಕಾರವೂ ಹೋಯಿತು, ತನ್ನ ಕೆಲಸವೂ ಹೋಯಿತು. ಕೈ ತಾನಾಗಿ ಜೇಬಿಗೆ ಹೋಯಿತು. ಬೆಂಕಿಪೊಟ್ಟಣ ಸಿಕ್ಕಿತು. ಅವನು ಇಪ್ಪತ್ತೆರಡು ವರ್ಷ ನಿಂತ ಬಾಗಿಲು. ಅವನ ಕೋಟು ಹಾಕಿಕೊಂಡು ಅವಳು ಆ ಗೆರೆ ದಾಟಿದ್ದಳು.

"ಅಣ್ಣ, ಆ ಲೆಕ್ಕದಲ್ಲಿ ನಾನೂ ಇದ್ದೀನಿ."

"ಏನು?"

"ನನ್ನ ಕಾಲೂ ಎಣಿಸಿದ್ರು. ಒಳಗೇ ಸಿಕ್ಕಾಕ್ಕೊಂಡೆ."

ಬೀಗದಣ್ಣನ ಮುಖ ಸುಣ್ಣದಂತಾಯಿತು. "ಎಂಥಾ ಕೆಲಸ ಮಾಡ್ದೆ ಮಾರಾಯ್ತಿ!"

"ಒಳಗೆ ಹೋಗಿ ನಾನೇ ಹೇಳ್ತೀನಿ."

"ಸುಮ್ನಿರು! ಸದಸ್ಯರಲ್ಲದವರು ಸದನದಲ್ಲಿ ಮಾತಾಡೋ ಹಾಗಿಲ್ಲ."

"ನನ್ನ ಎಣಿಸಬಹುದು, ನಾನು ಮಾತಾಡಬಾರದಾ?"

ಅವನು ಶೂ ಬಿದ್ದದ್ದರಿಂದ ಹಿಡಿದು ಎಲ್ಲ ಕೇಳಿಕೊಂಡ. ಚೀಟಿ ಬರೆದ. ಅವಳಿಂದ ಸಹಿ ಹಾಕಿಸಿದ. ಚೀಟಿ ಓಡಿತು, ಪೀಠದ ಕೆಳಗೆ ಕೂತ ಕಾರ್ಯದರ್ಶಿಗೆ, ಅಲ್ಲಿಂದ ಮೇಲಕ್ಕೆ. ಮತ ಹೇಳಲು ಎದ್ದಿದ್ದ ಸಭಾಧ್ಯಕ್ಷರು ನಿಂತಲ್ಲೇ ಓದಿದರು. ಕನ್ನಡಕ ತೆಗೆದು ಮತ್ತೆ ಓದಿದರು. ಕೂತರು.

"ಎಣಿಕೆಯಲ್ಲಿ ಲೋಪವಾಗಿದೆ. ಮತ್ತೊಮ್ಮೆ ಮತ."

ಮತ್ತೆ ಮೂರು ನಿಮಿಷ ಗಂಟೆ. ಈ ಸಲ ಅವಳು ಹೊಸ್ತಿಲಿಂದ ಎರಡು ಹೆಜ್ಜೆ ಆಚೆ ನಿಂತು ಬಾಗಿಲು ಎಳೆದಳು. ಹೌದು, ನೂರು. ಅಲ್ಲ, ನೂರೊಂದು.

ಸರ್ಕಾರ ಬಿತ್ತು. ಏನೋ ದೊಡ್ಡ ಸದ್ದಾಗುತ್ತದೆ ಎಂದು ಅವಳು ಕಾದಳು. ಬೆಂಚು ಸರಿದ ಸದ್ದಷ್ಟೆ ಆಯಿತು. ಪ್ರಧಾನಿ ಕಾಗದ ಕಂಕುಳಲ್ಲಿಟ್ಟುಕೊಂಡು ಅವಳ ಬಾಗಿಲಿಂದಲೇ ಹೊರಬಂದರು. ನಿಂತರು.

"ಶೂ ಬಿಟ್ಟೋದೋನು ನಮ್ಮ ಕಡೆಯವನೇನಮ್ಮ?"

"ಹೌದು ಸ್ವಾಮಿ."

"ಅವನು ಯಾವತ್ತೂ ಹಾಗೇ," ಎಂದು ಹೋದರು.

ಅವಳು ಕೋಟು ಬಿಚ್ಚಿದಳು. ಬೆಂಕಿಪೊಟ್ಟಣ ಸೆರಗಿಗೆ ಕಟ್ಟಿಕೊಂಡಳು. ಕೋಟನ್ನು ಮಡಿಸಿ ಬೀಗದಣ್ಣನ ಮೇಜಿನ ಮೇಲಿಟ್ಟಳು.

"ಇದೇನು?"

"ಸರ್ಕಾರ ಬಿತ್ತಲ್ಲ ಅಣ್ಣ. ನನ್ನ ಕೆಲಸಾನೂ ಬಿತ್ತು."

"ಅದು ಬಿದ್ರೆ ನೀನ್ಯಾಕೆ ಬೀಳ್ತೀಯ? ನೀನು ಸರ್ಕಾರದ ಆಳಲ್ಲ, ಸದನದ ಆಳು."

"ಸರ್ಕಾರ ಸದನದ ಒಳಗೇ ಕೂತಿತ್ತಲ್ಲ?"

"ಕೂತಿತ್ತು. ಸದನ ಏಳು ಅಂತು, ಎದ್ದೋಯ್ತು. ಸದನ ಇಲ್ಲೇ ಇದೆ."

"ಹಂಗಾದ್ರೆ ನಾಳೆಯಿಂದ ಪ್ರಧಾನಿ ಬರಲ್ವಾ?"

"ಬರ್ತಾರೆ. ಇನ್ನೊಬ್ಬರು ಬರೋವರೆಗೂ ನೀವೇ ನೋಡ್ಕೊಳಿ ಅಂತ ರಾಷ್ಟ್ರಪತಿ ಹೇಳ್ತಾರೆ."

"ಬಿದ್ದೋರೇ ನೋಡ್ಕೋಬೇಕಾ?"

"ಹೂಂ ಕಣಮ್ಮ. ನನ್ನ ತಲೆ ತಿನ್ಬೇಡ. ಕೋಟು ಹಾಕ್ಕೋ. ನಿನ್ನ ತಪ್ಪಿಗೆ ಏನಾಗುತ್ತೋ, ಅದನ್ನ ಕಾರ್ಯದರ್ಶಿ ನೋಡ್ತಾರೆ."

ಎಂಟು ದಿನ ಅನ್ನ ಸೇರಲಿಲ್ಲ. ಒಂಬತ್ತನೆಯ ದಿನ ಕಾರ್ಯದರ್ಶಿಯ ಕೋಣೆಯಿಂದ ಎರಡು ಕಾಗದ ಬಂತು. ಬೀಗದಣ್ಣ ಓದಿದ. ಒಂದರಲ್ಲಿ, ಮತದಾನದ ಕೋಣೆಯೊಳಗೆ ಉಳಿದುಕೊಂಡದ್ದು ಗಂಭೀರ ತಪ್ಪು, ಎಚ್ಚರಿಕೆ ನೀಡಲಾಗಿದೆ ಎಂದಿತ್ತು. ಇನ್ನೊಂದರಲ್ಲಿ, ಅದನ್ನು ತಾನಾಗಿಯೇ ತಿಳಿಸಿದ್ದರಿಂದ ಕೆಲಸ ಕಾಯಂ ಎಂದಿತ್ತು. ಎರಡರ ಕೆಳಗೂ ಒಂದೇ ಸಹಿ.

"ಬೈದಿದ್ದಾರಾ, ಹೊಗಳಿದ್ದಾರಾ ಅಣ್ಣ?"

"ಎರಡೂನೂ. ಒಂದೇ ಫೈಲಿಗೆ ಹಾಕಿಟ್ಕೋ."

ಅವಳು ಓಣಿಗೆ ಬಂದಳು. ಬಿದ್ದ ಪ್ರಧಾನಿ ಎದುರಿಗೆ ಬಂದರು, ಬಾಗಿಲು ತೆಗೆದಳು. ಅವರ ಹಿಂದೆಯೇ ಅವರನ್ನು ಬೀಳಿಸಿದವರೂ ಬಂದರು, ಅವರಿಗೂ ತೆಗೆದಳು. ಇಬ್ಬರೂ ಯಾವುದೋ ಮಾತಿಗೆ ನಗುತ್ತ ಒಟ್ಟಿಗೆ ಒಳಗೆ ಹೋದರು. ಅದೂ ಅವಳಿಗೆ ಅರ್ಥವಾಗಲಿಲ್ಲ.

ಸಂಜೆ ಮನೆಗೆ ಬಂದು ಶೂ ಬಿಚ್ಚುತ್ತಿದ್ದಾಗ ಮಗಳು ಪುಸ್ತಕದಿಂದ ತಲೆಯೆತ್ತಿ ಕೇಳಿದಳು, "ಇವತ್ತೇನಾಯ್ತಮ್ಮ?"

ಕಾಗದ ಬಂದದ್ದನ್ನು ಹೇಳಬೇಕೆಂದೇ ಬಾಯಿ ತೆರೆದಳು.

"ಏನೂ ಆಗ್ಲಿಲ್ಲ," ಎಂದಳು. ಹೇಳಿದ ಮೇಲೆ ಅದು ಯಾರ ಮಾತು ಎಂದು ಹೊಳೆಯಿತು. ಒಂದು ಶೂ ಕಾಲಲ್ಲಿ, ಒಂದು ಕೈಯಲ್ಲಿ ಹಿಡಿದು ಅಲ್ಲೇ ಕೂತು ಅತ್ತಳು. ಅತ್ತು ಮುಗಿದ ಮೇಲೆ ಎರಡೂ ಕಾಗದವನ್ನು ಮಗಳ ಕೈಗೆ ಕೊಟ್ಟಳು.